ಸೈಕಲ್ ಸ್ಟ್ಯಾಂಡಿನ ಗೋಪೀನಾಥನನ್ನು ಮೂರು ಸಲ ಕರೆದದ್ದು

ಶಿವರಾತ್ರಿಯ ಚಳಿ ಪೂರ್ತಿ ಬಿಟ್ಟು, ಹೊಂಗೆ ಮರಗಳು ಎಲೆ ಉದುರಿಸಿಕೊಂಡು ಮತ್ತೆ ಚಿಗುರುತ್ತಿದ್ದ ಕಾಲ. ಬೆಳಗಿನ ಏಳು ಗಂಟೆ. ರಾಮಕ್ಕ ಗೋಪೀನಾಥನ ಎಡಗಾಲಿನ ಹೆಬ್ಬೆರಳನ್ನು ಹಿಡಿದವಳು ಬಿಡಲೇ ಇಲ್ಲ. ಎರಡು ಹೆಬ್ಬೆರಳುಗಳನ್ನೂ ಸೇರಿಸಿ ಬಿಳಿ ದಾರ ಕಟ್ಟಿದ್ದರು. ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಗ್ಗಿದವಳು ಬಗ್ಗಿದ ಹಾಗೇ ಉಳಿದಳು. ಹಿಂದೆ ನಾಲ್ಕು ಮಂದಿ ಹೂವಿನ ಹಾರ ಹಿಡಿದು ಕಾಯುತ್ತಿದ್ದರು.

ಬೆರಳು ಬೆಚ್ಚಗಿತ್ತು.

“ಆಂಟಿ, ಸ್ವಲ್ಪ ಈ ಕಡೆ ಬನ್ನಿ,” ಎಂದ ಗೋಪೀನಾಥನ ಮಗ ರಾಜೇಂದ್ರ.

“ಕಾಲು ಬೆಚ್ಚಗಿದೆ ಕಣಪ್ಪಾ.”

“ಐದು ಗಂಟೆಗೆ ಹೋಗಿದ್ದು ಆಂಟಿ. ಇನ್ನೂ ಎರಡು ಗಂಟೆ ಆಗಿದೆ ಅಷ್ಟೇ. ಹಂಗೇ ಇರುತ್ತಂತೆ.”

“ಡಾಕ್ಟ್ರು ಬಂದಿದ್ರಾ?”

“ಬಂದು, ನೋಡಿ, ಬರ್ಕೊಟ್ಟೂ ಹೋದ್ರು.”

“ಎಷ್ಟು ಹೊತ್ತು ನೋಡಿದ್ರು?”

ರಾಜೇಂದ್ರ ಅವಳ ಮುಖವನ್ನೇ ನೋಡಿದ. “ನೋಡೋಷ್ಟು ಹೊತ್ತು ನೋಡಿದ್ರು ಆಂಟಿ,” ಎಂದು ಮೆತ್ತಗೆ ಅವಳ ಕೈ ಬಿಡಿಸಿ ಗೋಡೆಯ ಪಕ್ಕಕ್ಕೆ ಕರೆದುಕೊಂಡು ಹೋದ.

ಆ ದಿನ ಕಾವೇರಿ ನೀರು ಬಿಡುವ ಸರದಿ. ಸಂಪಿನ ನಲ್ಲಿ ತಿರುಗಿಸಲು ಎದ್ದು ಹೋದ ಗೋಪೀನಾಥ ಸಂಪಿನ ಮುಚ್ಚಳದ ಮೇಲೆ ಕೂತಿದ್ದಾನೆ. ನೀರು ತುಂಬಿ ರಸ್ತೆಗೆ ಹರಿಯುತ್ತಿದ್ದರೂ ಎದ್ದಿಲ್ಲ. ಎದುರು ಮನೆಯವರು “ನೀರು ನಿಲ್ಸಿ ಯಜಮಾನ್ರೇ” ಎಂದು ಕೂಗಿಕೊಂಡಾಗಲೇ ಹೆಂಡತಿ ವತ್ಸಲಾ ಹೊರಗೆ ಬಂದು ನೋಡಿದ್ದು.

“ಮಧ್ಯಾಹ್ನ ಎರಡೂವರೆಗೆ ಟೈಮ್ ಕೊಟ್ಟಿದ್ದಾರೆ,” ಎಂದು ರಾಜೇಂದ್ರ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ. “ಹೌದು, ಕರೆಂಟಿಂದು. ಮಾಗಡಿ ರೋಡ್ ಆಚೆ.”

ರಾಮಕ್ಕ ಬೆರಳು ಮಡಿಚಿ ಗಂಟೆ ಎಣಿಸಿದಳು. ಎರಡೂವರೆ ಎಂದರೆ ಇನ್ನು ಏಳೂವರೆ ಗಂಟೆ. ಅಷ್ಟರೊಳಗೆ ಅವಳು ಒಂದು ಕೆಲಸಕ್ಕೆ ಗಟ್ಟಿಯಾಗಬೇಕಿತ್ತು. ವಿದ್ಯುತ್ ಚಿತಾಗಾರಕ್ಕೆ ಹೋಗಿ, ನಾಲ್ಕು ಜನರ ಎದುರಿಗೆ ಸತ್ತವನ ಹೆಸರು ಹಿಡಿದು ಮೂರು ಸಲ ಕೂಗಬೇಕಿತ್ತು. ಹಾಗೆಂದು ಮಾತು ಕೊಟ್ಟಿದ್ದಳು. ಆ ಮನೆಯಲ್ಲಿ ಹೆಂಗಸರು ಸುಡುವ ಜಾಗಕ್ಕೆ ಹೋಗುವ ವಾಡಿಕೆಯಿಲ್ಲ. ಮೇಲಾಗಿ ಅವಳು ಆ ಮನೆಯವಳೂ ಅಲ್ಲ. ಕೂಗಿದರೆ ಜನ ಏನೆಂದುಕೊಂಡಾರು ಎಂಬುದು ಒಂದು ಹೆದರಿಕೆ. ಕೂಗದೆ ಬಿಟ್ಟು, ಆ ಬೆರಳಿನ ಬಿಸಿ ನಿಜವೇ ಆಗಿದ್ದರೆ ಎಂಬುದು ಇನ್ನೊಂದು. ಎಲ್ಲಕ್ಕಿಂತ ದೊಡ್ಡದು ಮೂರನೆಯದು: ಕೂಗಿದಾಗ ಅವನು ಓಗೊಟ್ಟುಬಿಟ್ಟರೆ?

*

ನಲವತ್ತು ವರ್ಷದ ಹಿಂದೆ ರಾಮಕ್ಕನದು ಒಂದು ಟಾಕೀಸಿನ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ. ಅಂಗಡಿಯ ಹಿಂಗೋಡೆಯೂ ಟಾಕೀಸಿನ ಗೋಡೆಯೂ ಒಂದೇ. ಬೆಳಗಿನಿಂದ ರಾತ್ರಿಯವರೆಗೆ ಗೋಡೆಯ ಆಚೆ ಯಾರೋ ಅಳುತ್ತಿದ್ದರು, ಹಾಡುತ್ತಿದ್ದರು, ಗುಂಡು ಹಾರಿಸುತ್ತಿದ್ದರು. ಈಚೆ ಅವಳು ರವಿಕೆ ಹೊಲಿಯುತ್ತಿದ್ದಳು. ಕಣ್ಣಿನಿಂದ ನೋಡಿದ ಪಿಕ್ಚರು ಬೆರಳೆಣಿಕೆಯಷ್ಟು. ಕಿವಿಯಿಂದ ಕೇಳಿದ್ದಕ್ಕೆ ಲೆಕ್ಕವಿಲ್ಲ.

ಟಾಕೀಸಿನ ಮುಂದೆ ಗೋಪೀನಾಥನ ಸೈಕಲ್ ಸ್ಟ್ಯಾಂಡು. ಒಂದೊಂದು ಸೈಕಲ್ಲಿನ ಹ್ಯಾಂಡಲ್ಲಿಗೂ ತಗಡಿನ ಬಿಲ್ಲೆ ಕಟ್ಟಿ, ಅದೇ ನಂಬರಿನ ಇನ್ನೊಂದು ಬಿಲ್ಲೆಯನ್ನು ಸೈಕಲ್ಲಿನವನ ಕೈಗೆ ಕೊಡುವುದು ಅವನ ಕೆಲಸ. ಆಟ ಶುರುವಾದ ಮೇಲೆ ಸ್ಟ್ಯಾಂಡಿಗೆ ಸರಪಳಿ ಹಾಕಿ, ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ ಗೋಡೆಗೊರಗಿ ನಿಂತು ನೋಡುತ್ತಿದ್ದ. ಗೇಟಿನವನು ಬಿಡುತ್ತಿದ್ದ. ಆದರೆ ಪಿಕ್ಚರು ಬಿಡುವುದಕ್ಕೆ ಹತ್ತು ನಿಮಿಷ ಮುಂಚೆ ಅವನು ಸರಪಳಿಯ ಹತ್ತಿರ ಇರಲೇಬೇಕು. ಇಲ್ಲವಾದರೆ ಮುನ್ನೂರು ಜನ ಒಟ್ಟಿಗೆ ನುಗ್ಗಿ, ಯಾರ ಸೈಕಲ್ಲು ಯಾರ ಕೈಗೋ. ಹಾಗಾಗಿ ಮೂವತ್ತೊಂದು ವರ್ಷ ಟಾಕೀಸಿನಲ್ಲಿ ದುಡಿದ ಗೋಪೀನಾಥ ಒಂದೇ ಒಂದು ಪಿಕ್ಚರಿನ ಕೊನೆಯನ್ನೂ ನೋಡಲಿಲ್ಲ.

ಎರಡು ಆಟಗಳ ನಡುವೆ ಅಂಗಿಯ ಗುಂಡಿ ಹಾಕಿಸಿಕೊಳ್ಳುವ ನೆಪದಲ್ಲಿ ಓಣಿಗೆ ಬರುತ್ತಿದ್ದ.

“ರಾಮಕ್ಕ, ಏನಾಯ್ತಮ್ಮ ಕೊನೇಲಿ?”

ಮೊದಮೊದಲು ಅವಳು ಗೋಡೆಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆ ಹೇಳಿದಳು. “ಒಂದು ಗುಂಡಿನ ಸದ್ದು ಗೋಪಣ್ಣ, ಆಮೇಲೆ ಹೆಂಗಸು ಅತ್ತಳು, ಆಮೇಲೆ ವೀಣೆ ನುಡಿಸಿದ್ರು.” ಅವನ ಮುಖ ಸಪ್ಪಗಾಗುತ್ತಿತ್ತು. ಇಡೀ ದಿನ ಬಿಸಿಲಿನಲ್ಲಿ ನಿಂತು ಕರಿದಾದ ಮುಖ. ಆಮೇಲಾಮೇಲೆ ಅವಳಿಗೆ ಸತ್ತರು ಎಂದು ಹೇಳಲು ನಾಲಿಗೆ ಬರದೇ ಹೋಯಿತು. ಗುಂಡು ತೋಳಿಗೆ ತಗಲಿತು ಎಂದಳು. ಹೊಳೆಗೆ ಬಿದ್ದವಳನ್ನು ಅಂಬಿಗ ಎತ್ತಿದ ಎಂದಳು. ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿದ್ದ ದಿನವೂ ಕೊನೆ ಕೇಳಿದರೆ ಅಲ್ಲೇ ಒಂದು ಹೊಲಿದು ಕೊಟ್ಟಳು. ಅವಳ ಬಾಯಲ್ಲಿ ಯಾರೂ ಸಾಯಲಿಲ್ಲ. ಗೋಪೀನಾಥ ನಗುನಗುತ್ತ ಹೋಗಿ ರಾತ್ರಿ ಆಟಕ್ಕೆ ಸರಪಳಿ ತೆಗೆಯುತ್ತಿದ್ದ.

ಟಾಕೀಸನ್ನು ಕೆಡವಿದರು. ಗೋಪೀನಾಥ ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನಲ್ಲಿ ಕಾರುಗಳನ್ನು ಕಾಯುವ ವಾಚ್‌ಮನ್ ಆದ. ಅದೂ ಮುಗಿದು ಮನೆಯಲ್ಲಿ ಕೂತ ಮೇಲೆ, ಕಾಮಾಕ್ಷಿಪಾಳ್ಯಕ್ಕೆ ಬಂದಿದ್ದ ರಾಮಕ್ಕನ ಅಂಗಡಿಯಲ್ಲಿ ಪ್ರತಿ ತಿಂಗಳು ಎರಡನೇ ಭಾನುವಾರ ನಾಲ್ಕು ಜನ ಸೇರತೊಡಗಿದರು: ಗೋಪೀನಾಥ, ರಾಮಕ್ಕ, ಬಸ್ ಕಂಡಕ್ಟರಾಗಿದ್ದ ಪುರುಷೋತ್ತಮ, ಮಿಲ್ಲಿನಲ್ಲಿ ನೂಲು ಸುತ್ತುತ್ತಿದ್ದ ದೊಡ್ಡಹನುಮಯ್ಯ. ಚೀಟಿ ಎತ್ತಿ, ಗೆದ್ದವರು ಆ ತಿಂಗಳ ವಿಷಯ ಇಡುವುದು. ಒಂದು ತಿಂಗಳು ಮಳೆಯ ಪಿಕ್ಚರು, ಒಂದು ತಿಂಗಳು ರೈಲಿನ ಪಿಕ್ಚರು, ಒಂದು ತಿಂಗಳು ಅತ್ತೆಯರದು. ಒಬ್ಬೊಬ್ಬರು ಒಂದೊಂದನ್ನು ನೆನಪಿನಿಂದಲೇ ಹೇಳಬೇಕು. ಫೋನು ಮುಟ್ಟುವಂತಿಲ್ಲ, ಹೆಸರು ಹೇಳುವಂತಿಲ್ಲ. ಮತ್ತೊಂದು ಕಟ್ಟಳೆ: ಹೇಳುವವರು ಕೊಟ್ಟ ಕೊನೆಯೇ ಕೊನೆ, ಅದಕ್ಕೆ ಯಾರೂ ಎದುರಾಡಬಾರದು.

ಕೊನೆಯ ಕಟ್ಟಳೆ ಮಾಡಿದವನು ಪುರುಷೋತ್ತಮ. ಏಕೆ ಮಾಡಿದ ಎಂದು ಆಗ ರಾಮಕ್ಕ ಕೇಳಿರಲಿಲ್ಲ.

*

ಹನ್ನೊಂದು ಗಂಟೆಗೆ ಬಿಸಿಲು ಶಾಮಿಯಾನದ ಕೆಳಗೂ ನುಗ್ಗಿತು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಪುರುಷೋತ್ತಮನೂ ದೊಡ್ಡಹನುಮಯ್ಯನೂ ಕೂತಿದ್ದರು. ಮಿಲ್ಲಿನ ಸದ್ದಿನಲ್ಲಿ ಕಿವಿ ಹೋಗಿದ್ದ ದೊಡ್ಡಹನುಮಯ್ಯ ಗುಟ್ಟನ್ನೂ ಕೂಗಿಯೇ ಹೇಳುವವನು.

“ಎಲ್ಲಾ ನಿನ್ನಿಂದಾನೇ ಆಗಿದ್ದು! ಹೋದ್ ತಿಂಗಳು ಮಸಣದ ಪಿಕ್ಚರು ಅಂತ ಇಟ್ಟೋನು ನೀನೇ ತಾನೆ?”

“ಮೆಲ್ಲಗೆ ಹೇಳೋ ಮಾರಾಯಾ. ಚೀಟಿ ನನಗೆ ಬಂತು, ನಾನೇನ್ ಮಾಡ್ಲಿ?”

“ಮದುವೆ ಪಿಕ್ಚರು ಅಂತ ಇಡಬಹುದಿತ್ತಪ್ಪ!”

“ಮದುವೆ ಅಂತ ಇಟ್ಟಿದ್ರೆ ನಿನಗೆ ಹೆಣ್ಣು ಯಾರ್ ಕೊಡ್ತಿದ್ರು?”

ಪಕ್ಕದಲ್ಲಿದ್ದವರು ನಗಲೂ ಆಗದೆ ಬಿಡಲೂ ಆಗದೆ ಕೆಮ್ಮಿದರು. ಪುರುಷೋತ್ತಮ ಕರವಸ್ತ್ರದಿಂದ ಕಣ್ಣೊರೆಸಿಕೊಂಡ. ಬೆವರೋ ಬೇರೆಯದೋ ತಿಳಿಯಲಿಲ್ಲ.

ಯಾರೋ ಒಬ್ಬ ನಡುವಯಸ್ಸಿನವನು ಬಂದು ನಿಂತುಕೊಂಡೇ ಹೇಳಿದ: “ನಮ್ಮಪ್ಪ ಒಂದ್ಸಲ ಬಿಲ್ಲೆ ಕಳ್ಕೊಂಡು ಬಿಟ್ಟಿದ್ರಂತೆ ಸಾರ್. ಇವರು ಏನ್ ಮಾಡಿದ್ರು ಗೊತ್ತಾ? ಕಣ್ಣು ಮುಚ್ಕೊಂಡು, ಒಂದೊಂದೇ ಸೈಕಲ್ ಬೆಲ್ ಹೊಡಿ ಅಂದ್ರಂತೆ. ಇದು ನಿಂದು, ತಗೊಂಡು ಹೋಗು ಅಂದ್ರಂತೆ. ಸಾಯೋವರೆಗೂ ಹೇಳ್ತಿದ್ರು ನಮ್ಮಪ್ಪ.”

ಒಳಗೆ ಸ್ನಾನ ಮಾಡಿಸುತ್ತಿದ್ದರು. ರಾಮಕ್ಕ ಹೊಸ್ತಿಲ ಹತ್ತಿರ ಕಾದು ನಿಂತಿದ್ದಳು. ಪಂಚೆ ಉಡಿಸಿ ಹೊರಗೆ ತಂದು ಮಲಗಿಸಿದ ಕೂಡಲೇ ಹೋಗಿ ಮತ್ತೆ ಪಾದ ಮುಟ್ಟಿದಳು. ಈಗಲೂ ಬೆಚ್ಚಗಿತ್ತು. ಕೈ ತೆಗೆದು ಮತ್ತೆ ಇಟ್ಟು ನೋಡಿದಳು.

“ಬಿಸಿನೀರು ಹಾಕಿದ್ದಾರೆ ರಾಮಕ್ಕ,” ಎಂದಳು ಪಕ್ಕದ ಮನೆಯಾಕೆ. “ಯಾಕೆ ಹಿಂಗೆ ನಡುಗ್ತಿದೀರ? ಕಾಫಿ ಕುಡಿತೀರಾ?”

ಬಿಸಿನೀರು. ಇರಬಹುದು. ಆದರೆ ಬಿಸಿನೀರಿನ ಬಿಸಿ ಯಾವುದು, ಒಳಗಿನ ಬಿಸಿ ಯಾವುದು ಎಂದು ಬಿಡಿಸಿ ಹೇಳುವವರು ಯಾರು? ಗಡಿಯಾರ ನೋಡಿದಳು. ಹನ್ನೊಂದೂಮುಕ್ಕಾಲು.

*

ಆ ಮಸಣದ ತಿಂಗಳಿನ ಭಾನುವಾರ ಗೋಪೀನಾಥ ಹೇಳಿದ್ದು ಒಂದು ಹಳೆಯ ಕಪ್ಪು ಬಿಳುಪಿನ ಪಿಕ್ಚರು. ಹಾವು ಕಚ್ಚಿದ ರೈತನೊಬ್ಬನನ್ನು ಸತ್ತನೆಂದು ಮಸಣಕ್ಕೆ ಹೊತ್ತುಕೊಂಡು ಹೋಗುತ್ತಾರೆ. ಸೌದೆ ಜೋಡಿಸುತ್ತಾರೆ. ಕೊಳ್ಳಿ ಹಿಡಿದು ನಿಂತಾಗ ತಾಯಿ ಓಡಿ ಬಂದು ಹೆಸರು ಹಿಡಿದು ಮೂರು ಸಲ ಕರೆಯುತ್ತಾಳೆ. ಮೂರನೆಯ ಸಲಕ್ಕೆ ಅವನು “ಓ” ಎನ್ನುತ್ತಾನೆ.

ಗೋಪೀನಾಥ ಆ “ಓ”ವನ್ನು ಎಷ್ಟು ಮೆಲ್ಲಗೆ ಅಂದನೆಂದರೆ ರಾಮಕ್ಕನ ಕೈಯಲ್ಲಿದ್ದ ಸೂಜಿ ನಿಂತುಹೋಯಿತು. ಪುರುಷೋತ್ತಮ ದೊಡ್ಡಹನುಮಯ್ಯನ ಕಡೆ ನೋಡಿದ. ದೊಡ್ಡಹನುಮಯ್ಯ ಮೇಲೆ ಫ್ಯಾನ್ ಕಡೆ ನೋಡಿದ. “ಚೆನ್ನಾಗಿದೆ ಬಿಡು,” ಎಂದರು ಇಬ್ಬರೂ.

ಅವರಿಬ್ಬರೂ ಹೋದ ಮೇಲೆ ಗೋಪೀನಾಥ ಎದ್ದೇಳಲಿಲ್ಲ.

“ರಾಮಕ್ಕ, ನಾನು ಎದ್ದು ಬಂದಾಗ ಇನ್ನೂ ಸೌದೆ ಜೋಡಿಸ್ತಿದ್ರು. ಅವನ ಎದೆ ಏಳ್ತಾ ಇಳೀತಾ ಇತ್ತು. ನಾನು ಕಣ್ಣಾರೆ ನೋಡ್ದೆ. ಅಲ್ಲಿದ್ದೋರು ಒಬ್ರೂ ನೋಡ್ಲಿಲ್ಲ.”

“ಅಯ್ಯೋ, ಅದು ಪಾರ್ಟ್ ಮಾಡೋನು ಉಸಿರು ಬಿಡ್ತಿದ್ದ ಕಣಣ್ಣ. ಎಷ್ಟು ಹೊತ್ತು ಹಿಡ್ಕೊಂಡಿರ್ತಾನೆ ಪಾಪ?”

“ಇರಬಹುದು. ಆದ್ರೆ ಹೋದ ವರ್ಷ ನನಗೆ ಎದೆನೋವು ಬಂದಾಗಿಂದ ಅದೇ ಕಣ್ಮುಂದೆ ಬರುತ್ತೆ. ಈಗ ಸೌದೆನೂ ಇಲ್ಲ, ಬಾಗಿಲು ಹಾಕ್ಬಿಡ್ತಾರೆ. ಒಳಗೆ ಎಚ್ಚರ ಆದ್ರೆ ಏನ್ ಮಾಡೋದು ಹೇಳು? ಯಾರಿಗೆ ಕೇಳ್ಸುತ್ತೆ?” ಅವನು ಅಂಗಿಯ ಗುಂಡಿ ತಿರುಗಿಸುತ್ತಿದ್ದ. “ನನಗೆ ಹೆದರಿಕೆ ಆಗುತ್ತಮ್ಮ. ಸಾಯೋಕಲ್ಲ, ಅದಕ್ಕೆ. ನೀನು ಬಂದು ಮೂರು ಸಲ ಕರಿ. ಓ ಅನ್ಲಿಲ್ಲ ಅಂದ್ರೆ ತಳ್ಳಿ ಬಿಡ್ಲಿ.”

“ಥೂ, ಎಂಥ ಮಾತು ಆಡ್ತೀರಿ! ವತ್ಸಲಮ್ಮಂಗೆ ಹೇಳಿ. ಪುರುಷೋತ್ತಮಣ್ಣಂಗೆ ಹೇಳಿ.”

“ವತ್ಸಲಾ ಹೆದರ್ಕೋತಾಳೆ. ಅವನು ನಗ್ತಾನೆ. ನೀನೇ ಸರಿ. ಆ ಪಿಕ್ಚರಿನ ಕೊನೆ ಗೊತ್ತಿರೋಳು ನೀನೇ ಅಲ್ವಾ? ತಾಯಿ ಕರೆದಳು, ಅವನು ಎದ್ದ ಅಂತ ನೀನೇ ಹೇಳಿದ್ದು.”

ನಲವತ್ತು ವರ್ಷದ ಹಿಂದೆ, ಆ ಪಿಕ್ಚರಿನ ದಿನ, ರಾಮಕ್ಕ ಅಂಗಡಿಯಲ್ಲೇ ಇರಲಿಲ್ಲ. ಸೀಮೆಎಣ್ಣೆಯ ಸಾಲಿನಲ್ಲಿ ನಿಂತಿದ್ದಳು. ತಾಯಿ, ಮೂರು ಕರೆ, “ಓ”, ಎಲ್ಲವನ್ನೂ ಅವನ ಗುಂಡಿ ಹಾಕುತ್ತ ಹಾಕುತ್ತ ಕಟ್ಟಿ ಹೇಳಿದ್ದಳು. ಅದನ್ನು ಈಗ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಆದರೆ ಅವನು ಅವಳ ಮುಖವನ್ನೇ ನೋಡುತ್ತಿದ್ದ. ಬಿಲ್ಲೆ ಕಳೆದುಕೊಂಡವರು ಅವನ ಮುಖ ನೋಡುತ್ತಿದ್ದ ಹಾಗೆ.

“ಆಯ್ತು,” ಎಂದಳು.

*

ವತ್ಸಲಾ ತಲೆಯ ಕಡೆ ಗೋಡೆಗೊರಗಿ ಕೂತಿದ್ದಳು. ಅಳು ನಿಂತು ಬಹಳ ಹೊತ್ತಾಗಿತ್ತು. ಒಂದು ಗಂಟೆಯ ಹೊತ್ತಿಗೆ ಹೆಂಗಸರು ನೀರು ಕುಡಿಯಲು ಎದ್ದಾಗ ರಾಮಕ್ಕ ಪಕ್ಕಕ್ಕೆ ಸರಿದು ಕೂತು, ಕಿವಿಯ ಹತ್ತಿರ ಎಲ್ಲವನ್ನೂ ಹೇಳಿದಳು.  ಸೀಮೆಎಣ್ಣೆಯ ಸಾಲಿನ ಮಾತು ಮಾತ್ರ ಬಿಟ್ಟಳು.

ವತ್ಸಲಾ ತಿರುಗಿ ನೋಡಿದಳು. “ಕೊನೆ ನೋಡಿರ್ಲಿಲ್ವಾ? ಒಂದೂ?”

“ಒಂದೂ ಇಲ್ಲ.”

“ಮೂವತ್ತೊಂದು ವರ್ಷ?”

“ಸೈಕಲ್ಲು ಕೊಡ್ಬೇಕಿತ್ತಲ್ಲ ವತ್ಸಲಮ್ಮ.”

ವತ್ಸಲಾ ಗಂಡನ ಮುಖ ನೋಡಿದಳು. ಮೂಗಿನ ಮೇಲೆ ಕೂತ ನೊಣವನ್ನು ಓಡಿಸಿದಳು.

“ಮದುವೆಯಾಗಿ ಎರಡು ತಿಂಗಳಿಗೆ ಒಂದ್ಸಲ ಕರ್ಕೊಂಡು ಹೋಗಿದ್ರು. ಅವತ್ತು ರಜ ಹಾಕಿದ್ರು. ಇಬ್ರೂ ಬಾಲ್ಕನೀಲಿ ಕೂತಿದ್ವಿ. ಇನ್ನೇನು ಮುಗೀಬೇಕು ಅನ್ನೋವಾಗ ಎದ್ದು ಹೊರಟೇ ಹೋದ್ರು. ನನ್ನ ಬಿಟ್ಟು! ನಾನು ಹೊಸಬಳು, ದಾರಿ ಗೊತ್ತಿಲ್ಲ, ಕತ್ತಲಲ್ಲಿ ಕೂತು ಅಳ್ತಿದೀನಿ. ಆಚೆ ಬಂದು ನೋಡಿದ್ರೆ ಸೈಕಲ್ ಹತ್ರ ನಿಂತಿದ್ರು. ಏನೂ ಹೇಳ್ಲಿಲ್ಲ. ಮತ್ತೆ ನಾನೂ ಕರೀಲಿಲ್ಲ, ಅವರೂ ಕರೀಲಿಲ್ಲ. ನಲವತ್ತಾರು ವರ್ಷ ಏನಂದ್ಕೊಂಡಿದ್ದೆ ಗೊತ್ತಾ ರಾಮಕ್ಕ? ನನ್ನ ಪಕ್ಕದಲ್ಲಿ ಕೂತಿದ್ದನ್ನ ಯಾರಾದ್ರೂ ನೋಡ್ತಾರೆ ಅಂತ ನಾಚಿಕೆ ಆಯ್ತೇನೋ ಅಂತ.”

“ಇಲ್ಲ ವತ್ಸಲಮ್ಮ. ಕಾಲು ತಾನಾಗೇ ಎದ್ದಿರುತ್ತೆ.”

“ಹ್ಞೂಂ. ಈಗ ಗೊತ್ತಾಯ್ತಲ್ಲ,” ಎಂದಳು ವತ್ಸಲಾ. ಮಗನನ್ನು ಕರೆದಳು. “ರಾಜೇಂದ್ರ, ರಾಮಕ್ಕ ವ್ಯಾನಲ್ಲಿ ಬರ್ತಾರೆ. ಒಳಗೆ ತಳ್ಳೋಕೆ ಮುಂಚೆ ನಿಮ್ಮಪ್ಪನ್ನ ಮೂರು ಸಲ ಕರೀತಾರೆ. ಯಾರೂ ತಡೀಬೇಡಿ.”

ರಾಜೇಂದ್ರನ ಮುಖ ಕೆಂಪಗಾಯಿತು. “ಏನಮ್ಮಾ ಇದು? ಅಷ್ಟು ಜನ ಇರ್ತಾರೆ. ಯಾರಾದ್ರೂ ವಿಡಿಯೋ ಮಾಡ್ತಾರೆ. ಜನ ಏನಂತಾರೆ?”

“ಜನ ಸಾಯಂಕಾಲ ಆದ್ಮೇಲೆ ಅವರವರ ಮನೇಗ್ ಹೋಗ್ತಾರೆ ಕಣೋ. ಇಲ್ಲಿ ಒಬ್ಬಳೇ ಮಲಗಬೇಕಾದೋಳು ನಾನು. ಕರೀದೇ ತಳ್ಳಿ ಬಂದ್ರೆ ನನಗೆ ನಿದ್ದೆ ಬರುತ್ತಾ?” ಆಮೇಲೆ ರಾಮಕ್ಕನ ಕೈ ಹಿಡಿದಳು. ಅವಳ ಕೈ ಗೋಪೀನಾಥನ ಪಾದಕ್ಕಿಂತ ತಣ್ಣಗಿತ್ತು. “ಜೋರಾಗಿ ಕರೀರಿ. ಎಡಗಿವಿ ಅವರಿಗೆ ಅಷ್ಟಾಗಿ ಕೇಳಲ್ಲ. ಬಲಗಡೆ ನಿಂತ್ಕೊಳ್ಳಿ.”

*

ವ್ಯಾನಿನಲ್ಲಿ ಎರಡು ಕಡೆ ಬೆಂಚು, ನಡುವೆ ಗೋಪೀನಾಥ. ಒಂದು ಬೆಂಚಿನಲ್ಲಿ ರಾಜೇಂದ್ರ, ಪುರೋಹಿತರು. ಎದುರಿನದರಲ್ಲಿ ರಾಮಕ್ಕ, ಪುರುಷೋತ್ತಮ, ದೊಡ್ಡಹನುಮಯ್ಯ. ಮಾಗಡಿ ರಸ್ತೆಯಲ್ಲಿ ವಾಹನಗಳು ಕದಲುತ್ತಿರಲಿಲ್ಲ. ವ್ಯಾನು ಹಳ್ಳಕ್ಕೆ ಇಳಿದಾಗಲೆಲ್ಲ ಗೋಪೀನಾಥನ ತಲೆ ಅತ್ತಿತ್ತ ಸಣ್ಣಗೆ ಆಡುತ್ತಿತ್ತು. ಒಂದೊಂದು ಸಲ ಆಡಿದಾಗಲೂ ರಾಮಕ್ಕ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದಳು.

ತಡೆಯಲಾರದೆ ಪುರುಷೋತ್ತಮನ ಹತ್ತಿರ ಬಾಯಿ ಬಿಟ್ಟಳು. ಸೀಮೆಎಣ್ಣೆಯದೂ ಸೇರಿಸಿ ಎಲ್ಲವನ್ನೂ ಹೇಳಿದಳು. “ನಾನು ಕಟ್ಟಿದ ಸುಳ್ಳು ಪುರುಷೋತ್ತಮಣ್ಣ. ಅದನ್ನ ನಂಬ್ಕೊಂಡು ನನ್ನ ಹತ್ರ ಮಾತು ತಗೊಂಡ್ರು.”

ಪುರುಷೋತ್ತಮ ಕಿಟಕಿಯಾಚೆ ನೋಡುತ್ತ ಹೇಳಿದ: “ನಮಗೆ ಗೊತ್ತಿತ್ತು ರಾಮಕ್ಕ.”

“ಏನು ಗೊತ್ತಿತ್ತು?”

“ಅವನು ಹೇಳೋ ಕೊನೆ ಒಂದೂ ನಿಜ ಅಲ್ಲ ಅಂತ. ನಾವು ಆ ಪಿಕ್ಚರುಗಳನ್ನೆಲ್ಲ ಟಿಕೆಟ್ ತಗೊಂಡು ಪೂರ್ತಿ ನೋಡಿದೋರು. ಮೊದಲನೇ ತಿಂಗಳೇ ಗೊತ್ತಾಯ್ತು. ಆದ್ರೆ ಅವನ ಕೊನೆಗಳೇ ಚೆನ್ನಾಗಿದ್ವು. ಅದಕ್ಕೇ ಯಾರೂ ಎದುರಾಡಬಾರದು ಅಂತ ರೂಲ್ಸ್ ಮಾಡಿದ್ದು. ನೀನು ಹೇಳಿಕೊಟ್ಟಿದ್ದು ಅಂತ ಮಾತ್ರ ಗೊತ್ತಿರ್ಲಿಲ್ಲ.”

ರಾಮಕ್ಕ ಅವನ ಕಡೆ ತಿರುಗಿದಳು. “ಹಂಗಾದ್ರೆ ಆ ಹಾವಿನ ಪಿಕ್ಚರು? ಅದರ ನಿಜವಾದ ಕೊನೆ?”

“ಬೇಡ ಬಿಡು.”

“ಹೇಳಿ.”

“ಬೇಡ ಅಂದ್ನಲ್ಲ.”

“ಕೈ ಅಲ್ಲಾಡ್ತದೆ!” ಎಂದ ದೊಡ್ಡಹನುಮಯ್ಯ ಇಡೀ ವ್ಯಾನಿಗೆ ಕೇಳುವ ಹಾಗೆ. ಅವನಿಗೆ ಈ ಒಂದು ಮಾತು ಹೇಗೋ ಕೇಳಿಸಿತ್ತು. “ಕೊಳ್ಳಿ ಇಟ್ಟಮೇಲೆ ಸೌದೆ ಸಂದೀಲಿ ಅವನ ಕೈ ಒಂದ್ಸಲ ಅಲ್ಲಾಡ್ತದೆ. ಎಲ್ರೂ ಬೆನ್ನು ತಿರುಗಿಸಿ ಹೋಗ್ತಿರ್ತಾರೆ. ಅಲ್ಲಿಗೆ ಮುಗೀತು! ನಾನು ಎಂಟು ದಿವಸ ಊಟ ಮಾಡಿರ್ಲಿಲ್ಲ!”

 ರಾಜೇಂದ್ರ ಅಪ್ಪನ ಕೈಗಳನ್ನು ನೋಡಿದ. ಎದೆಯ ಮೇಲೆ ಜೋಡಿಸಿಟ್ಟಿದ್ದ ಕೈಗಳು. ನೋಡಿದವನು ದಾರಿಯುದ್ದಕ್ಕೂ ಕಣ್ಣು ಕೀಳಲಿಲ್ಲ.

*

ಚಿತಾಗಾರದಲ್ಲಿ ಅವರಿಗಿಂತ ಮುಂಚಿನದು ಇನ್ನೂ ಮುಗಿದಿರಲಿಲ್ಲ. ಅವರ ಹಿಂದಿನದೂ ಬಂದು ಕಾಯುತ್ತಿತ್ತು. ಸಿಮೆಂಟ್ ಕಟ್ಟೆಯ ಮೇಲೆ ಇಳಕಲ್ ಸೀರೆಯ ಹೆಂಗಸೊಬ್ಬಳು, ಸ್ಟ್ರೆಚರಿನ ಹಿಡಿಯನ್ನು ಹಿಡಿದುಕೊಂಡೇ ಕೂತಿದ್ದಳು. ಸುಣ್ಣದ ಕಲೆಯ ಅಂಗಿ ತೊಟ್ಟ ನಾಲ್ಕು ಗಂಡಸರು ದೂರದಲ್ಲಿ ನಿಂತಿದ್ದರು.  ರಾಮಕ್ಕ ಹೋಗಿ ಅವಳ ಪಕ್ಕ ಕೂತಳು. ಅಲ್ಲಿ ಇನ್ನೊಬ್ಬಳು ಹೆಂಗಸೆಂದರೆ ಅವಳೇ.

“ಯಾವೂರಮ್ಮ?”

“ರಾಯಚೂರು ಕಡೆಯವ್ರು ರೀ. ಉಲ್ಲಾಳದಾಗ ಮನಿ ಕಟ್ಟೋ ಕೆಲಸ. ಗುರವ್ವ ಅಂತಾರ ನನಗ.” ಅವಳು ಸ್ಟ್ರೆಚರಿನ ಕಡೆ ತಲೆಯಾಡಿಸಿದಳು. “ನಮ್ಮನಿಯವ್ರು. ಮರೆಪ್ಪ ಅಂತ ಬರಸ್ಯಾರ ಕಾಗದದಾಗ. ಮೂರು ದಿನ ಜ್ವರ ಬಂತು, ನಿನ್ನೆ ಹೋ—” ಅವಳು ಪೂರ್ತಿ ಹೇಳಲಿಲ್ಲ. “ನಮ್ಮಲ್ಲಿ ಸುಡಂಗಿಲ್ರೀ ಯವ್ವಾ, ಹೂಳ್ತೀವಿ. ಇಲ್ಲಿ ಹೂಳಾಕ ಜಾಗ ಎಲ್ಲೈತಿ ಅಂದ್ರು ಮೇಸ್ತ್ರಿ. ನನಗ ಭಾಳ ಅಂಜಿಕಿ ಆಗಾಕತ್ತೈತಿ.”

“ನನಗೂ,” ಎಂದಳು ರಾಮಕ್ಕ.

ಕರೆ ಬಂತು. ಗೋಪೀನಾಥನನ್ನು ಒಳಗೆ ಒಯ್ದು ಹಳಿಯ ಮೇಲಿನ ಉದ್ದನೆಯ ತಟ್ಟೆಯಲ್ಲಿ ಮಲಗಿಸಿದರು. ಪುರೋಹಿತರು ಹೇಳಿದ್ದನ್ನು ರಾಜೇಂದ್ರ ಮಾಡಿದ. ಎಲ್ಲರೂ ಬಾಯಿಗೆ ಅಕ್ಕಿ ಹಾಕಿದರು. ಹೆಗಲಿಗೆ ಟವೆಲ್ ಹಾಕಿಕೊಂಡಿದ್ದ ಕೆಲಸದವನು ಕಬ್ಬಿಣದ ಬಾಗಿಲನ್ನು ಎತ್ತಿದ. ಒಳಗೆ ಕೆಂಪಗಿತ್ತು. ಆ ಕಾವು ಬಂದು ರಾಮಕ್ಕನ ಮುಖಕ್ಕೆ ಬಡಿಯಿತು.

“ಆಯ್ತಾ ಸಾರ್? ತಳ್ಳಲಾ? ಹಿಂದೆ ಕಾಯ್ತಾವ್ರೆ.”

ಈಗ. ಈಗಲೇ. ರಾಮಕ್ಕ ನಿಂತಲ್ಲೇ ನಿಂತಳು. ರಾಜೇಂದ್ರ ನೆಲ ನೋಡುತ್ತಿದ್ದ. ಕೆಲಸದವನು ತಟ್ಟೆಯ ಹಿಡಿಗೆ ಕೈ ಹಾಕಿದ.

“ಹೋಲ್ಡಾನ್!”

ಮೂವತ್ತು ವರ್ಷ ಬಸ್ಸು ನಿಲ್ಲಿಸಿದ ಗಂಟಲು. ಕೆಲಸದವನ ಕೈ ನಿಂತಿತು. ಪುರುಷೋತ್ತಮ ರಾಮಕ್ಕನ ರಟ್ಟೆ ಹಿಡಿದು ಬಲಗಡೆಗೆ ತಂದು ನಿಲ್ಲಿಸಿದ.

“ಗೋಪಣ್ಣ,” ಎಂದಳು. ಬರೀ ಗಾಳಿ ಬಂತು.

“ಜೋರಾಗಿ,” ಎಂದ ಪುರುಷೋತ್ತಮ.

“ಗೋಪಣ್ಣಾ!”

ತಗಡಿನ ಛಾವಣಿ ಆ ಹೆಸರನ್ನು ತಿರುಗಿ ಅಂದಿತು. ಬಾಗಿಲ ಹತ್ತಿರ ಜನ ಸೇರಿದರು. ಮೂರನೆಯದು ಉಳಿದಿತ್ತು. ಮೂರನೆಯದಕ್ಕೇ ಅವನು ಓ ಎನ್ನಬೇಕಾದದ್ದು. ಅನ್ನಲಿ ಎಂದೂ, ಅನ್ನದಿರಲಿ ಎಂದೂ ಎರಡನ್ನೂ ಒಟ್ಟಿಗೆ ಬೇಡಿಕೊಳ್ಳುತ್ತ ಅವಳು ಅವನ ಬಲಗಿವಿಗೆ ಬಗ್ಗಿ, ಹೊಟ್ಟೆಯೊಳಗಿನ ಶಕ್ತಿಯನ್ನೆಲ್ಲ ತಂದು ಕೂಗಿದಳು.

“ಗೋಪಣ್ಣಾ!”

ಎದೆಯ ಮೇಲಿನ ಬಟ್ಟೆ ಎದ್ದಿತು. ಇಳಿಯಿತು.

ರಾಜೇಂದ್ರ “ಅಪ್ಪಾ!” ಎಂದು ಚೀರಿ ಅವಳ ತೋಳು ಹಿಡಿದ. ದೊಡ್ಡಹನುಮಯ್ಯ ಎರಡು ಹೆಜ್ಜೆ ಹಿಂದಕ್ಕೆ ಹೋದ. ಬಟ್ಟೆ ಮತ್ತೆ ಎದ್ದಿತು.  ರಾಮಕ್ಕ ಕಣ್ಣು ಮುಚ್ಚಲಿಲ್ಲ.

ಕೆಲಸದವನು ಗೋಡೆಯ ಹತ್ತಿರ ಹೋಗಿ, ಮೇಲೆ ತಿರುಗುತ್ತಿದ್ದ ಫ್ಯಾನಿನ ಸ್ವಿಚ್ಚು ಆರಿಸಿದ. ಬಟ್ಟೆ ಮೆಲ್ಲಗೆ ಇಳಿದು ಮಲಗಿತು. ಎಲ್ಲರೂ ಕಾದರು. ಅವಸರ ಮಾಡುತ್ತಿದ್ದ ಕೆಲಸದವನೂ ಕೈ ಹಿಂದೆ ಕಟ್ಟಿಕೊಂಡು ಕಾದ. ಬಟ್ಟೆ ಏಳಲಿಲ್ಲ. ರಾಮಕ್ಕ ಗೋಪೀನಾಥನ ಕೆನ್ನೆ ಮುಟ್ಟಿದಳು. ಅಷ್ಟು ಕಾವಿನ ಮುಂದೆಯೂ ಅದು ಕಲ್ಲಿನ ಹಾಗೆ ತಣ್ಣಗಿತ್ತು.

“ಇಲ್ಲ,” ಎಂದಳು.

 “ರೈಟ್,” ಎಂದ ಪುರುಷೋತ್ತಮ, ತನಗೇ ಕೇಳಿಸುವಷ್ಟು ಮೆಲ್ಲಗೆ.

ತಟ್ಟೆ ಒಳಗೆ ಹೋಯಿತು. ಅವರು ಹೊರಕ್ಕೆ ಬರುತ್ತಿದ್ದಾಗ ಗುರವ್ವ ಬಾಗಿಲಲ್ಲೇ ನಿಂತಿದ್ದಳು. ಎಲ್ಲವನ್ನೂ ನೋಡಿದ್ದಳು.

“ಯವ್ವಾ, ಅದ್ಯಾಕ ಕರದ್ರಿ ನೀವು?”

“ಇದ್ದಾರೇನೋ ಅಂತ.”

ಗುರವ್ವ ತಿರುಗಿ ಸ್ಟ್ರೆಚರಿನ ಕಡೆ ನೋಡಿದಳು. “ನಾ ಯಾವತ್ತೂ ಹೆಸರು ಹಿಡದು ಕರದಿಲ್ರೀ,” ಎಂದಳು. “ಮದುವ್ಯಾಗಿ ಇಪ್ಪತ್ತಾರು ವರ್ಷಾತು. ಹೆಂಗ ಕರೀಲಿ?”

ಕೆಲಸದವರು ಪಕ್ಕದ ಒಲೆಯ ಹಳಿಯ ಮೇಲೆ ಎರಡನೆಯ ತಟ್ಟೆ ತಂದು ಮರೆಪ್ಪನನ್ನು ಮಲಗಿಸಿದರು. ಗುರವ್ವ ಬಾಯಿಗೆ ಅಡ್ಡ ಹಿಡಿದಿದ್ದ ಸೆರಗನ್ನು ತೆಗೆದಳು, ಮಂಡಿಯೂರಿ ಕೂತಳು. ಟವೆಲಿನವನು ಯಾರೂ ಹೇಳದೆಯೇ ಹೋಗಿ ಆ ಕಡೆಯ ಫ್ಯಾನನ್ನೂ ಆರಿಸಿ ಬಂದು ನಿಂತ.

“ಮರೆಪ್ಪಾ,” ಎಂದಳು ಗುರವ್ವ, ನಾಚಿಕೊಂಡವಳ ಹಾಗೆ.

ಸೈಕಲ್ ಸ್ಟ್ಯಾಂಡಿನ ಗೋಪೀನಾಥ ಹೋದದ್ದು ಗುರುವಾರ. ಮರೆಪ್ಪ ಬುಧವಾರವೇ ಹೋದನೆಂದು ಕಾಗದದಲ್ಲಿ ಬರೆದಿತ್ತು. ಗುರವ್ವ ಮಾತ್ರ ಮೂರನೆಯ ಸಲವೂ ಕರೆದು ಮುಗಿಸಿ, ಅವನ ಬಾಯಿಯ ಹತ್ತಿರ ಕಿವಿಯಿಟ್ಟು ಕೂತೇ ಇದ್ದಳು.